ಸ್ಟೋರಪ್ಪನವರು ಹತ್ತದ ಏಣಿ

ಆ ಕೊಡೆ ಕಾರ್ಖಾನೆಯಲ್ಲಿ ಅಪಘಾತ ಎಂಬುದೇ ಆಗುತ್ತಿರಲಿಲ್ಲ. ಬಟ್ಟೆ ಕತ್ತರಿಸುವವರು ಬೆರಳು ಕುಯ್ದುಕೊಂಡರೆ ಬಾಯಲ್ಲಿಟ್ಟು ಚೀಪುತ್ತಿದ್ದರು. ಕಡ್ಡಿ ಬಗ್ಗಿಸುವವರ ಕಣ್ಣಿಗೆ ಕಡ್ಡಿ ತಗುಲಿದರೆ "ಧೂಳು ಬಿತ್ತು" ಎಂದು ಮುಖ ತೊಳೆದುಕೊಂಡು ಬರುತ್ತಿದ್ದರು. ಹಿಡಿಕೆ ಕೂರಿಸುವವರು ಹೆಬ್ಬೆರಳಿಗೆ ಸುತ್ತಿಗೆ ಹೊಡೆದುಕೊಂಡರೆ ಸುತ್ತಿಗೆಯ ವಂಶವನ್ನೆಲ್ಲ ಬೈದು ಸುಮ್ಮನಾಗುತ್ತಿದ್ದರು. ಗೇಟಿನ ಪಕ್ಕದ ಬೋರ್ಡಿನಲ್ಲಿ "ಅಪಘಾತ: ಇಲ್ಲ" ಎಂದು ಯಾವ ಕಾಲದಲ್ಲೋ ಬರೆಸಿದ್ದರು. ಅದನ್ನು ಅಳಿಸುವ ಸಂದರ್ಭವೇ ಬಂದಿರಲಿಲ್ಲ.

ಹೀಗಿರುವಾಗ, ವರ್ಷಕ್ಕೆ ಅರ್ಧ ಸರಕನ್ನು ತಾನೊಬ್ಬನೇ ಕೊಳ್ಳುವ ದೊಡ್ಡ ಗಿರಾಕಿ ಕಂಪನಿಯವರು ಒಂದು ಷರತ್ತು ಹಾಕಿದರು. ಸುರಕ್ಷತಾ ವ್ಯವಸ್ಥೆ ಇರುವ ಕಾರ್ಖಾನೆಯಿಂದ ಮಾತ್ರ ಇನ್ನು ಮುಂದೆ ಕೊಡೆ ಕೊಳ್ಳುತ್ತಾರಂತೆ. ಯಜಮಾನರು ಅದೇನೋ ಹೊಸ ಮೆಷಿನ್ ಎಂದು ತಿಳಿದು, "ಸರಿ, ಅದನ್ನೂ ಒಂದು ತರಿಸಿಬಿಡಿ, ಹೊಲಿಗೆ ವಿಭಾಗದ ಪಕ್ಕ ಜಾಗ ಇದೆ" ಎಂದರು. ಅದು ಅಂಗಡಿಯಲ್ಲಿ ಸಿಗುವಂಥದ್ದಲ್ಲ, ಇಲ್ಲೇ ಇದ್ದವರು ಕೂತು ಕಟ್ಟಬೇಕಾದದ್ದು ಎಂದು ಯಾರೋ ತಿಳಿಹೇಳಿದ ಮೇಲೆ, ಬೇಸರದಿಂದಲೇ ಒಬ್ಬರು ಸೇಫ್ಟಿ ಮೇಡಂ ಅವರನ್ನು ನೇಮಿಸಿಕೊಂಡರು.

ಮೇಡಂ ಮೊದಲ ಸಭೆಯಲ್ಲೇ ವಿಷಯವನ್ನು ಬಿಡಿಸಿ ಹೇಳಿದರು. "ಏನು ತಪ್ಪಾಯ್ತು ಅಂತ ಮೊದಲು ಯಾರಾದ್ರೂ ಹೇಳಬೇಕು. ಆಮೇಲೆ ಯಾಕೆ, ಯಾಕೆ ಅಂತ ಬುಡದವರೆಗೂ ಕೇಳ್ಕೊಂಡು ಹೋಗಬೇಕು. ಬುಡ ಸಿಕ್ಕಿದ ಮೇಲೆ ಸರಿ ಮಾಡಬೇಕು. ಸರಿ ಆಯ್ತಾ ಅಂತ ಮತ್ತೆ ನೋಡಬೇಕು. ಇಷ್ಟೇ. ಈಗ ಹೇಳಿ, ಇಲ್ಲಿ ಏನೇನು ಆಗಿದೆ?"

ಎಲ್ಲರೂ ಬೋರ್ಡಿನ ಕಡೆ ಕೈ ತೋರಿಸಿದರು. ಮೇಡಂ ಮುಖ ಸಪ್ಪಗಾಯಿತು. ಆಗ ಎದ್ದು ನಿಂತವರು ಸ್ಟೋರ್‌ಕೀಪರ್. ಇಡೀ ಕಾರ್ಖಾನೆ ಅವರನ್ನು ಕರೆಯುತ್ತಿದ್ದುದು ಸ್ಟೋರಪ್ಪನವರು ಎಂದೇ.

"ಬೇರೆಯವರದು ಗೊತ್ತಿಲ್ಲ ಮೇಡಂ," ಎಂದರು ಸ್ಟೋರಪ್ಪನವರು, "ನನ್ನ ಸ್ಟೋರಲ್ಲಿ ನನ್ನ ಅಪ್ಪಣೆ ಇಲ್ದೆ ಒಂದು ಸೂಜಿ ಕೂಡ ಕೆಳಗೆ ಬೀಳಲ್ಲ."

ಇಂಥ ಮಾತಾಡಿದವರಿಗೆ ಏನಾಗುತ್ತದೆಯೋ ಅದೇ ಆಯಿತು. ಅವರನ್ನು ಸುರಕ್ಷತಾ ಸಮಿತಿಯ ಅಧ್ಯಕ್ಷರನ್ನಾಗಿ ಮಾಡಿದರು. ಹೊಳೆಯುವ ಪಟ್ಟಿಯಿದ್ದ ಹಸಿರು ಕೋಟು ಕೊಟ್ಟರು. ಸ್ಟೋರಪ್ಪನವರು ಅದನ್ನು ಹಾಕಿಕೊಂಡೇ ಮನೆಗೆ ಹೋದರು, ಹಾಕಿಕೊಂಡೇ ತರಕಾರಿ ಕೊಂಡರು, ಹಾಕಿಕೊಂಡೇ ಎದುರು ಮನೆಯ ರಿಟೈರ್ಡ್ ಕಂಡಕ್ಟರ್ ಹತ್ತಿರ ಅನಗತ್ಯವಾಗಿ ಹವಾಮಾನದ ಬಗ್ಗೆ ಮಾತಾಡಿದರು. ಮಾರನೆಯ ದಿನ ಅಕೌಂಟೆಂಟ್ ಕೋಣೆಗೆ ಹೋಗಿ, ಅಧ್ಯಕ್ಷರಾದವರು ಸ್ಟೂಲಿನ ಮೇಲೆ ಕೂರುವುದು ಕಾರ್ಖಾನೆಗೇ ಶೋಭೆಯಲ್ಲ ಎಂದು ವಾದಿಸಿ, ಆತನ ಚಕ್ರದ ಕುರ್ಚಿಯನ್ನು ಉರುಳಿಸಿಕೊಂಡು ಬಂದರು.

ಆ ಕುರ್ಚಿಯೇ ಮುಳುವಾಯಿತು. ಒಂದು ಮಧ್ಯಾಹ್ನ, ಊಟವಾದ ಮೇಲೆ, ಅಧ್ಯಕ್ಷರು ಕುರ್ಚಿಯಲ್ಲಿ ಒರಗಿ, ಕಪಾಟಿನ ಅಂಚಿಗೆ ಕಾಲು ಚಾಚಿ, ಗಾಢ ನಿದ್ದೆಗೆ ಜಾರಿದರು. ಕನಸಿನಲ್ಲಿ ಅವರಿಗೆ ಸನ್ಮಾನ ನಡೆಯುತ್ತಿತ್ತು. ಗೌರವದಿಂದ ಎದ್ದು ನಿಲ್ಲಲು ಹೋಗಿ ಕಾಲಿನಿಂದ ಕಪಾಟನ್ನು ಒದ್ದರು. ಕುರ್ಚಿ ಒಂದು ದಿಕ್ಕಿಗೆ ಓಡಿತು, ಅಧ್ಯಕ್ಷರು ಇನ್ನೊಂದು ದಿಕ್ಕಿಗೆ ಬಿದ್ದರು. ಹಿಡಿದುಕೊಳ್ಳಲು ಚಾಚಿದ ಕೈ, ಕೊಡೆಯ ತುದಿಗೆ ಹಾಕುವ ತಗಡಿನ ಟೊಪ್ಪಿಗಳಿದ್ದ ಪೆಟ್ಟಿಗೆಯನ್ನು ಎಳೆದುಕೊಂಡಿತು. ಆ ಸದ್ದಿಗೆ ಹೊಲಿಗೆ ಮೆಷಿನ್ನುಗಳೆಲ್ಲ ನಿಂತುಬಿಟ್ಟವು.

ಮೊದಲು ಓಡಿ ಬಂದವಳು ಪ್ಯಾಕಿಂಗ್ ವಿಭಾಗದ ಹೆಂಗಸು. ಟೊಪ್ಪಿಗಳ ರಾಶಿಯಲ್ಲಿ ಮಲಗಿದ್ದ ಸ್ಟೋರಪ್ಪನವರನ್ನೂ ಪಕ್ಕದಲ್ಲಿ ಗೋಡೆಗೆ ಒರಗಿದ್ದ ಮರದ ಏಣಿಯನ್ನೂ ನೋಡಿ, "ಅಯ್ಯೋ, ಏಣಿಯಿಂದ ಬಿದ್ರಾ?" ಎಂದಳು. ಅವಳ ಹಿಂದೆ ಬಾಗಿಲ ತುಂಬ ಜನ. ಅಷ್ಟೂ ಜನರ ಮುಂದೆ, ಹಸಿರು ಕೋಟು ತೊಟ್ಟುಕೊಂಡು, "ಇಲ್ಲಮ್ಮ, ನಿದ್ದೆಯಿಂದ ಬಿದ್ದೆ" ಎನ್ನುವುದು ಯಾವ ಅಧ್ಯಕ್ಷನಿಂದ ಸಾಧ್ಯ? ಸ್ಟೋರಪ್ಪನವರು ಬಾಯಿ ಬಿಡಲಿಲ್ಲ. ಬರೀ ತಲೆಯಾಡಿಸಿದರು. ದೊಡ್ಡ ಸುಳ್ಳಿಗೆ ದೊಡ್ಡ ಬಾಯಿಯೇ ಬೇಕೆಂದೇನಿಲ್ಲ, ಒಂದು ಕುತ್ತಿಗೆ ಇದ್ದರೂ ಸಾಕಾಗುತ್ತದೆ.

ಮಣಿಕಟ್ಟು ಊದಿಕೊಂಡಿತ್ತು. ಅದಕ್ಕೆ ಬಟ್ಟೆ ಸುತ್ತುತ್ತಿರುವಾಗಲೇ ಮೇಡಂ ಬಂದರು. ಅವರ ಕಣ್ಣಲ್ಲಿ ನೀರಾಡುತ್ತಿತ್ತು. ಸ್ಟೋರಪ್ಪನವರಿಗೆ ಅದು ಮರುಕ ಅನ್ನಿಸಿತು. ನಿಜಕ್ಕೂ ಅದು ಸಂತೋಷ. ಕೊನೆಗೂ ಒಬ್ಬರು ಅಪಘಾತ ಒಪ್ಪಿಕೊಂಡಿದ್ದರು.

"ಯಾಕೆ ಬಿದ್ರಿ?" ಮೇಡಂ ಪೆನ್ನು ತೆಗೆದು ಕೇಳಿದರು.

"ಏಣಿ... ಅಲ್ಲಾಡ್ತು."

"ಯಾಕೆ ಅಲ್ಲಾಡ್ತು?"

"ಅದು ಮೊದಲಿಂದ ಸ್ವಲ್ಪ ಹಾಗೇನೇ."

"ಗೊತ್ತಿದ್ದೂ ಯಾಕೆ ಹತ್ತಿದ್ರಿ?"

"ಮೇಲಿದ್ದ ಹಿಡಿಕೆ ಪೆಟ್ಟಿಗೆ ಬೇಕಿತ್ತು."

"ಹಿಡಿಕೆ ದಿನಾ ಬೇಕಾಗೋ ಸಾಮಾನು. ಅಷ್ಟು ಮೇಲೆ ಯಾಕಿಟ್ರಿ? ನಾಳೆ ಬೆಳಿಗ್ಗೆ ಬಂದು ಜಾಗ ನೋಡ್ತೀನಿ."

ಹಿಡಿಕೆ ಪೆಟ್ಟಿಗೆಗಳು ಎಂದಿನಿಂದಲೂ ಇದ್ದದ್ದು ನೆಲದ ಮೇಲೆ. ಹೀಗಾಗಿ ಸ್ಟೋರಪ್ಪನವರು ಮರುದಿನ ಎಲ್ಲರಿಗಿಂತ ಮುಂಚೆ ಬಂದು, ಒಂದೇ ಕೈಯಲ್ಲಿ ಒಂದೊಂದೇ ಪೆಟ್ಟಿಗೆಯನ್ನು ಅಪ್ಪಿಕೊಂಡು, ಅದೇ ಏಣಿಯನ್ನು ಹತ್ತಿ ಇಳಿದು ಎಲ್ಲವನ್ನೂ ಮೇಲಿಟ್ಟರು. ಏಣಿ ಒಂದು ಕೂದಲಷ್ಟೂ ಅಲ್ಲಾಡಲಿಲ್ಲ. ಇದನ್ನು ಗಮನಿಸಿ ಅವರಿಗೆ ಏಣಿಯ ಮೇಲೇ ಸಿಟ್ಟು ಬಂತು.

ಸಂಗತಿ ಇಲ್ಲಿಗೇ ಮುಗಿಯಬಹುದಿತ್ತು. ಆದರೆ ಯಜಮಾನರು ಬಂದು, "ಏಣಿ ಮಾಡಿದ್ದು ಯಾರು?" ಎಂದರು.

"ಯಾರು ಅಂತ ಕೇಳಬಾರದು ಸರ್, ಯಾಕೆ ಅಂತ ಕೇಳಬೇಕು," ಎಂದರು ಮೇಡಂ.

"ಯಾಕೆ ಅಂತ ನೀವು ಕೇಳಿ. ಯಾರು ಅಂತ ನಾನು ಕೇಳ್ತೀನಿ."

ಏಣಿ ಮಾಡಿದವನು ಕಾರ್ಖಾನೆಯ ಬಡಗಿ. ಆ ಬಡಗಿ ಸ್ಟೋರಪ್ಪನವರ ಹೆಂಡತಿಯ ಸ್ವಂತ ತಮ್ಮ. ತಲೆಯಾಡಿಸುವಾಗ ಇದು ಅವರಿಗೆ ಹೊಳೆದೇ ಇರಲಿಲ್ಲ. ಇಂಥ ವಿಷಯಗಳು ಯಾವತ್ತೂ ತಲೆಯಾಡಿಸಿದ ಮೇಲೆಯೇ ಹೊಳೆಯುತ್ತವೆ.

ಬಡಗಿ ಕಡಿಮೆ ಮಾತಿನ ಮನುಷ್ಯ. ಹಿತ್ತಲಿನ ಶೆಡ್ಡಿನಲ್ಲಿ ಕೂತು ಕಾರ್ಖಾನೆಗೆ ಬೇಕಾದ ಬೆಂಚು, ಸ್ಟೂಲು, ಕಪಾಟು, ಮೇಜು ಎಲ್ಲವನ್ನೂ ತಾನೇ ಮಾಡುತ್ತಿದ್ದ. ಅವನ ಏಣಿ ಅಲ್ಲಾಡಿತಂತೆ ಎಂಬ ಸುದ್ದಿ ಹಬ್ಬಿದ್ದೇ ತಡ, ಜನರಿಗೆಲ್ಲ ತಾವು ಕೂತದ್ದೂ ಅಲ್ಲಾಡುತ್ತಿದೆ ಅನ್ನಿಸತೊಡಗಿತು. ಅಕೌಂಟೆಂಟ್ ತನ್ನ ಸ್ಟೂಲಿನ ಮೇಲೆ ಕೂತು ಹಿಂದೆ ಮುಂದೆ ಜೋಲಿ ಹೊಡೆದು, "ನೋಡಿ, ನೋಡಿ, ಹೇಗೆ ಆಡ್ತಿದೆ" ಎಂದು ಎಲ್ಲರಿಗೂ ತೋರಿಸಿದ. ಹೊಲಿಗೆಯವರು ತಮ್ಮ ಬೆಂಚು ವರ್ಷಗಳಿಂದ ನರಳುತ್ತಿದೆ ಎಂದರು. ಮೇಡಂ ಅಧ್ಯಕ್ಷರ ಕೈಗೆ ಕೆಂಪು ಚೀಟಿಗಳ ಕಟ್ಟು ಕೊಟ್ಟು, ಅನುಮಾನ ಬಂದದ್ದಕ್ಕೆಲ್ಲ ಅಂಟಿಸಿ ಎಂದರು. ಸ್ಟೋರಪ್ಪನವರು ತಮ್ಮ ಭಾವಮೈದ ಮಾಡಿದ ಒಂದೊಂದು ವಸ್ತುವಿಗೂ ತಮ್ಮ ಕೈಯಾರೆ ಕೆಂಪು ಚೀಟಿ ಅಂಟಿಸುತ್ತ ಹೋದರು. ವಾರ ಕಳೆಯುವಷ್ಟರಲ್ಲಿ ಕಾರ್ಖಾನೆಯಲ್ಲಿ ಯಾರಿಗೂ ಕೂರಲು ಜಾಗವಿರಲಿಲ್ಲ. ಎಲ್ಲರೂ ನಿಂತುಕೊಂಡು ಕೊಡೆ ಹೊಲಿದರು, ನಿಂತುಕೊಂಡು ಟೀ ಕುಡಿದರು. ಯಜಮಾನರು ಶೆಡ್ಡಿಗೆ ಬೀಗ ಹಾಕಿಸಿ, ಹೊರಗಿನಿಂದ ಕಬ್ಬಿಣದ ಪೀಠೋಪಕರಣ ತರಿಸುವುದೆಂದೂ ಬಡಗಿಯನ್ನು ಪ್ಯಾಕಿಂಗಿಗೆ ಹಾಕುವುದೆಂದೂ ತೀರ್ಮಾನಿಸಿದರು.

ಮನೆಯ ಪರಿಸ್ಥಿತಿ ಇನ್ನೂ ಚೆನ್ನಾಗಿತ್ತು. ಹೆಂಡತಿ ತಮ್ಮನ ಪರ ನಿಂತು ಜಗಳವಾಡಬಹುದು, ಆ ಗಲಾಟೆಯಲ್ಲಿ ನಿಜ ಹೇಳಿಬಿಡಬಹುದು ಎಂಬ ಸಣ್ಣ ಆಸೆ ಸ್ಟೋರಪ್ಪನವರಿಗಿತ್ತು. ಆಕೆ ಗಂಡನ ಪರ ನಿಂತುಬಿಟ್ಟಳು.

"ನನ್ನ ತಮ್ಮ ಅಂತ ನಾನು ಬಿಡೋಳಲ್ಲ ರೀ," ಎಂದಳು. "ಅಕ್ಕನ ಗಂಡ ಹತ್ತೋ ಏಣಿ ಅಂತ ಗೊತ್ತಿದ್ದೂ ಹಾಗೆ ಮಾಡ್ತಾನಾ? ಇನ್ನು ಅವನ ಸಾಮಾನು ಈ ಮನೇಲಿ ಬೇಡ."

ಬಡಗಿ ಅಕ್ಕನ ಮದುವೆಗೆಂದು ಮಾಡಿಕೊಟ್ಟಿದ್ದ ಮಂಚ ಜಗಲಿಗೆ ಹೋಯಿತು. ಸ್ಟೋರಪ್ಪನವರಿಗೆ ನೆಲದ ಮೇಲೆ ಚಾಪೆ ಬಂತು. ನೋಡಲು ಬಂದ ಕಂಡಕ್ಟರ್ ಜಗಲಿಯ ಮಂಚವನ್ನು ಮಂಡಿಯಿಂದ ಒತ್ತಿ, "ಕೇಳಿ, ಲಟಕ್ ಅಂತು. ನಾನು ಅವತ್ತೇ ಅಂದ್ಕೊಂಡೆ" ಎಂದರು. ಲಟಕ್ ಅಂದದ್ದು ಅವರ ಮಂಡಿ.

"ಅದು ಹಾಗಲ್ಲ, ಒಂದು ವಿಷಯ ಹೇಳಬೇಕು..." ಎಂದು ಸ್ಟೋರಪ್ಪನವರು ಬಾಯಿ ತೆರೆದರು. ತೆರೆದ ಬಾಯಿಗೆ ಹೆಂಡತಿ ಹಣ್ಣಿನ ಹೋಳು ಇಟ್ಟಳು. ಸಂಜೆ ಮತ್ತೆ ತೆರೆದಾಗ ಮಾತ್ರೆ ಇಟ್ಟಳು. ರೋಗಿಯ ಬಾಯಿ ಯಾರಿಗೂ ಮಾತಾಡುವ ಅಂಗವಾಗಿ ಕಾಣುವುದಿಲ್ಲ.

ಆಮೇಲೆ ಅತ್ತೆ ಬಂದರು. ಜಗಲಿಗೆ ಹಾಕಿದ್ದ, ಮಗ ಮಾಡಿದ ಸ್ಟೂಲು ಪಕ್ಕದಲ್ಲೇ ಇದ್ದರೂ ಅದರ ಮೇಲೆ ಕೂರದೆ ಹೊಸ್ತಿಲ ಹತ್ತಿರ ನೆಲದ ಮೇಲೆ ಕೂತರು. "ಅಳಿಯಂದಿರೇ, ನನ್ನ ಮಗನ ತಪ್ಪನ್ನ ಹೊಟ್ಟೇಲಿ ಹಾಕ್ಕೊಳ್ಳಿ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಆ ಹೊಟ್ಟೆಯಲ್ಲಿ ಆಗಲೇ ಬೇಕಾದಷ್ಟು ಇತ್ತು. ಸ್ಟೋರಪ್ಪನವರಿಗೆ ಚಾಪೆಯ ಕೆಳಗೆ ತೂರಿಕೊಳ್ಳುವಷ್ಟು ನಾಚಿಕೆಯಾಯಿತು.

ಕೊನೆಗೆ ಬಡಗಿಯೇ ಬಂದ. ಅಕ್ಕ ಒಳಗಿನಿಂದ ಹೊರಗೆ ಬರಲಿಲ್ಲ. ಅವನು ಭಾವನ ಊದಿದ ಕೈಯನ್ನೇ ನೋಡುತ್ತ ನಿಂತ.

"ಭಾವ, ಒಂದು ಕೇಳ್ಲಾ? ಯಾವ ಮೆಟ್ಟಿಲು?"

"ಏನು ಯಾವ ಮೆಟ್ಟಿಲು?"

"ಅಲ್ಲಾಡಿದ್ದು. ನಾನು ಹತ್ತಿ ನೋಡ್ದೆ, ಇಳಿದು ನೋಡ್ದೆ, ಮೇಲೆ ನಿಂತು ಕುಣಿದೂ ನೋಡ್ದೆ. ನನಗೆ ಗೊತ್ತಾಗ್ತಿಲ್ಲ. ನೀವು ಹೇಳಿದ್ರೆ ಅಷ್ಟೇ ಸಾಕು."

ಇಲ್ಲಿ ನಿಜ ಹೇಳಲು ಯಾವ ಹಣ್ಣಿನ ಹೋಳೂ ಅಡ್ಡಿಯಿರಲಿಲ್ಲ. ಸ್ಟೋರಪ್ಪನವರು ಗಂಟಲು ಸರಿ ಮಾಡಿಕೊಂಡು, "ನಾಲ್ಕನೇದು" ಎಂದರು.

"ನಾಲ್ಕನೇದಾ," ಎಂದ ಬಡಗಿ ಮೆಲ್ಲಗೆ. "ಇರಬಹುದು. ಅದನ್ನ ಕೂರಿಸೋವಾಗ ಯಾರೋ ಮಾತಾಡಿಸಿದ್ರು. ನಾನು ತಲೆ ಎತ್ತಿದ್ದೆ ಅನ್ಸುತ್ತೆ. ತಪ್ಪಾಯ್ತು ಭಾವ. ಕೈ ಹೋಗಿದೆ ನಂದು, ಇನ್ನು ಉಳಿ ಮುಟ್ಟಲ್ಲ." ಹೀಗೆ ಹೇಳಿ, ತಾನು ಮಾಡಿದ ಮಂಚದ ಪಕ್ಕದಲ್ಲೇ ಹಾದು, ಅದರ ಕಡೆ ನೋಡದೆ ಹೋದ. ಸ್ಟೋರಪ್ಪನವರು ಕತ್ತಲಾಗುವವರೆಗೂ ಅಲ್ಲಿಂದ ಏಳಲಿಲ್ಲ. ತಮ್ಮಂಥ ನೀಚರು ಈ ಬೀದಿಯಲ್ಲೇ ಇನ್ನೊಬ್ಬರಿಲ್ಲ ಅನ್ನಿಸಿತು. ಎದುರು ಮನೆಯ ಕಂಡಕ್ಟರನ್ನೂ ಲೆಕ್ಕಕ್ಕೆ ತೆಗೆದುಕೊಂಡು ನೋಡಿದರು, ಆದರೂ ಇರಲಿಲ್ಲ.

ವ್ಯವಸ್ಥೆಯ ಉದ್ಘಾಟನೆಯ ದಿನ ಬಂತು. ಗಿರಾಕಿ ಕಂಪನಿಯ ಪ್ರತಿನಿಧಿ ಬಂದಿದ್ದರು, ಕೆಲಸದವರ ಮನೆಯವರೂ ಬಂದಿದ್ದರು. ಮೇಡಂ ಬರೆಸಿದ ದೊಡ್ಡ ಬೋರ್ಡು ವೇದಿಕೆಯ ಹಿಂದೆ ನಿಂತಿತ್ತು. ಅದರ ಮೊದಲ ಸಾಲನ್ನು ಯಜಮಾನರು ಮೈಕಿನಲ್ಲಿ ಗಟ್ಟಿಯಾಗಿ ಓದಿದರು. "ಇದ್ದದ್ದನ್ನು ಇದ್ದ ಹಾಗೆ ಹೇಳಿದವರಿಗೆ ಇಲ್ಲಿ ಶಿಕ್ಷೆ ಇಲ್ಲ." ಪ್ರತಿನಿಧಿ ಮೆಚ್ಚಿ ಬರೆದುಕೊಂಡರು.

ಬೋರ್ಡಿನ ಪಕ್ಕದಲ್ಲಿ, ಕೆಂಪು ಚೀಟಿ ಅಂಟಿಸಿಕೊಂಡು ಏಣಿ ನಿಂತಿತ್ತು. ಯಜಮಾನರಿಗೆ ಒಂದು ಉಪಾಯ ಹೊಳೆದಿತ್ತು. ಮಾಡಿದ ಬಡಗಿಯೇ ಎಲ್ಲರೆದುರು ಅದನ್ನು ಕೊಯ್ದು ಹಾಕಬೇಕು, ಅಪಾಯ ತೊಲಗಿದ್ದು ಗಿರಾಕಿಯ ಕಣ್ಣಿಗೆ ಕಾಣಬೇಕು.

"ಸರ್, ಇದು ಶಿಕ್ಷೆ ಥರ ಕಾಣುತ್ತೆ," ಎಂದು ಮೇಡಂ ಪಿಸುಗುಟ್ಟಿದರು.

"ಶಿಕ್ಷೆ ಅಲ್ಲ ಮೇಡಂ, ಕಾರ್ಯಕ್ರಮ," ಎಂದರು ಯಜಮಾನರು.

ಬಡಗಿ ಗರಗಸ ಹಿಡಿದು ಬಂದ. ಏಣಿಯನ್ನು ಅಡ್ಡ ಮಲಗಿಸಿ, ಕೊಯ್ಯುವ ಜಾಗವನ್ನು ಅಂಗೈಯಿಂದ ಒಮ್ಮೆ ಸವರಿದ. ಆಮೇಲೆ ತಲೆ ಎತ್ತಿ, "ಭಾವ, ಈ ಕಡೆ ಸ್ವಲ್ಪ ಹಿಡ್ಕೊಳ್ತೀರಾ?" ಎಂದ.

ಅಧ್ಯಕ್ಷರು ಹಸಿರು ಕೋಟಿನಲ್ಲಿ ಮುಂದೆ ಬಂದು, ಸರಿಯಿದ್ದ ಕೈಯಿಂದ ಏಣಿಯನ್ನು ಹಿಡಿದುಕೊಂಡರು. ಮುಂದಿನ ಸಾಲಿನಲ್ಲಿ ಅತ್ತೆ ಕೂತಿದ್ದರು. ಮಗನ ಕೈಯಲ್ಲಿದ್ದ ಗರಗಸವನ್ನು ನೋಡಲಾರದೆ ಅವರು ಕಣ್ಣು ಮುಚ್ಚಿಕೊಂಡರು. ಗರಗಸದ ಮೊದಲ ಎಳೆತಕ್ಕೆ ಚಿಟಿಕೆಯಷ್ಟು ಹುಡಿ ಉದುರಿತು.

"ಕೊಯ್ಬೇಡ," ಎಂದರು ಸ್ಟೋರಪ್ಪನವರು.

"ಏನ್ ಭಾವ?"

"ಕೊಯ್ಬೇಡ ಅಂದೆ. ಏಣಿಗೆ ಏನೂ ಆಗಿಲ್ಲ. ನಾನು ಅವತ್ತು ಅದನ್ನ ಹತ್ತಲೇ ಇಲ್ಲ. ಕುರ್ಚೀಲಿ ನಿದ್ದೆ ಮಾಡ್ತಿದ್ದೆ, ಬಿದ್ದೆ."

ಮೆಲ್ಲಗೇ ಹೇಳಿದ್ದರು. ಆದರೆ ಮೈಕು ಪಕ್ಕದಲ್ಲೇ ಇತ್ತು. ಗೇಟಿನಾಚೆ ಸೈಕಲ್ ಮೇಲೆ ಹೋಗುತ್ತಿದ್ದವನೂ ಕಾಲು ಕೆಳಗಿಟ್ಟು ನಿಂತ.

ಬಯ್ಯಬೇಕಾದವರು ಯಾರೂ ಬಯ್ಯಲಿಲ್ಲ. ಮೇಡಂ ಮಾತ್ರ ಅಭ್ಯಾಸಬಲದಿಂದ ಪೆನ್ನು ತೆಗೆದರು. "ಯಾಕೆ ನಿದ್ದೆ ಬಂತು?"

"ಊಟ ಜಾಸ್ತಿ ಆಗಿತ್ತು."

"ನಾನು ಕಟ್ಟೋ ಡಬ್ಬಿ ಅಂಗೈಯಗಲ ಇದೆ," ಎಂದಳು ಹೆಂಡತಿ, ಕೂತಲ್ಲಿಂದಲೇ.

"ಹಾಗಿದ್ರೆ ಯಾಕೆ ಜಾಸ್ತಿ ಆಯ್ತು?" ಎಂದರು ಮೇಡಂ.

ಸ್ಟೋರಪ್ಪನವರು ನೆಲ ನೋಡಿದರು. "ಅಧ್ಯಕ್ಷ ಅಲ್ವಾ... ಊಟ ಸುರಕ್ಷಿತವಾಗಿದೆಯಾ ಅಂತ ಎಲ್ಲರ ಡಬ್ಬೀಲೂ ಸ್ವಲ್ಪ ಸ್ವಲ್ಪ ಪರೀಕ್ಷೆ ಮಾಡ್ತಿದ್ದೆ. ಅಕೌಂಟೆಂಟ್ ಡಬ್ಬೀಲಿ ಸ್ವಲ್ಪ ಹೆಚ್ಚು."

"ನಾನು ಬೆಕ್ಕು ಅಂದ್ಕೊಂಡಿದ್ದೆ," ಎಂದ ಅಕೌಂಟೆಂಟ್. "ಪಾಪ, ಅದಕ್ಕೆ ಹೊಡೆದೂಬಿಟ್ಟೆ."

"ಕುರ್ಚಿ ಯಾಕೆ ಓಡ್ತು?"

"ಚಕ್ರ ಇತ್ತು."

"ಸ್ಟೋರಲ್ಲಿ ಚಕ್ರದ ಕುರ್ಚಿ ಯಾಕೆ?"

"ಅಧ್ಯಕ್ಷ ಅಂತ."

"ಇದನ್ನೆಲ್ಲ ಅವತ್ತೇ ಯಾಕೆ ಹೇಳಲಿಲ್ಲ?"

ಸ್ಟೋರಪ್ಪನವರು ಹೆಂಡತಿಯನ್ನು ನೋಡಿದರು, ಅತ್ತೆಯನ್ನು ನೋಡಿದರು. ಗರಗಸ ಕೆಳಗಿಟ್ಟು ನಿಂತಿದ್ದ ಬಡಗಿಯನ್ನು ಮಾತ್ರ ನೋಡಲಾಗಲಿಲ್ಲ. "ನಾಚಿಕೆ ಆಯ್ತು ಮೇಡಂ," ಎಂದರು.

ಮೇಡಂ ಬೋರ್ಡಿನ ಖಾಲಿ ಜಾಗದಲ್ಲಿ ದೊಡ್ಡದಾಗಿ ಬರೆದರು. "ಮೂಲ ಕಾರಣ: ನಾಚಿಕೆ." ಆಮೇಲೆ ಬಟ್ಟೆ ಕತ್ತರಿಸುವವನೊಬ್ಬ ಹಿಂದಿನ ಸಾಲಿನಲ್ಲಿ ಎದ್ದು, ಪಟ್ಟಿ ಸುತ್ತಿದ ಬೆರಳನ್ನು ಎತ್ತಿ, "ಮೇಡಂ, ನಂದೂ ಒಂದಿದೆ" ಎಂದ. ಅವನ ಪಕ್ಕದವನು ಕಣ್ಣು ತೋರಿಸಿದ. ಹಿಡಿಕೆಯವರು ಗುಂಪಾಗಿ ಹೆಬ್ಬೆರಳು ಎತ್ತಿದರು. ಪ್ರತಿನಿಧಿಗೆ ಇದು ಸಂತೋಷದ ಗುರುತೋ ಏನೋ ತಿಳಿಯದೆ ಅವರೂ ಹೆಬ್ಬೆರಳು ಎತ್ತಿದರು.

ಯಜಮಾನರ ಮುಖ ಕೆಂಪಾಗಿತ್ತು. "ಯಾರು ಅಂತ ಈಗ ಸಿಕ್ಕಿತಲ್ಲ. ಇವತ್ತೇ ಈತನ ಲೆಕ್ಕ ಮುಗಿಸಿ," ಎಂದರು. ಮೇಡಂ ಬೋರ್ಡಿನ ಮೊದಲ ಸಾಲಿಗೆ ಪೆನ್ನು ತಾಗಿಸಿದರು. ಪ್ರತಿನಿಧಿ ತಾವು ಬರೆದುಕೊಂಡದ್ದನ್ನೂ ಸಾಲನ್ನೂ ತಾಳೆ ನೋಡಿ ಯಜಮಾನರ ಕಡೆ ತಿರುಗಿದರು. ಯಜಮಾನರು ಆಡಿದ ಮಾತನ್ನು ಹಾಗೇ ನುಂಗಿಕೊಂಡರು.

ಹೀಗೆ ಸ್ಟೋರಪ್ಪನವರಿಗೆ ಶಿಕ್ಷೆ ತಪ್ಪಿತು. ತಪ್ಪಿದ್ದನ್ನೇ ಅವರಿಂದ ತಡೆದುಕೊಳ್ಳಲಾಗಲಿಲ್ಲ. ಸಂಬಳ ಹಿಡಿದಿದ್ದರೆ, ನಾಲ್ಕು ಮಾತು ಅಂದಿದ್ದರೆ, ಕೋಟನ್ನಾದರೂ ಕಿತ್ತುಕೊಂಡಿದ್ದರೆ ಒಂದು ಸಮಾಧಾನವಿರುತ್ತಿತ್ತು. ಮೇಡಂ ಕೋಟನ್ನೂ ಬಿಡಿಸಲಿಲ್ಲ. "ನಿಮ್ಮಷ್ಟು ಅನುಭವ ಇಲ್ಲಿ ಯಾರಿಗೂ ಇಲ್ಲ" ಎಂದರು. ಮನೆಯಲ್ಲಿ ಹೆಂಡತಿ ಮಂಚವನ್ನು ಒಳಗೆ ತಂದು, ಅದರ ಮೇಲೆ ತನ್ನ ತಾಯಿಯನ್ನು ಮಲಗಿಸಿದಳು. ಗಂಡನ ಚಾಪೆ ಇದ್ದಲ್ಲೇ ಇತ್ತು. ಕಂಡಕ್ಟರ್ ಕಿಟಕಿಯಿಂದ ಇಣುಕಿ, "ನಾನು ಅವತ್ತೇ ಅಂದ್ಕೊಂಡೆ" ಎಂದರು.

ಬುಡ ಸಿಕ್ಕಿದ ಮೇಲೆ ಸರಿ ಮಾಡಬೇಕಲ್ಲ. ಸ್ಟೋರಿಗೆ ಚಕ್ರವಿಲ್ಲದ, ಎರಡೂ ಕಡೆ ಎತ್ತರದ ಕೈಗಳಿರುವ, ನಿದ್ದೆ ಬಂದರೂ ಬೀಳಲಾಗದ ಒಂದು ಕುರ್ಚಿ ಬೇಕೆಂದು ಮೇಡಂ ಬರೆದರು. ಶೆಡ್ಡಿನ ಬೀಗ ತೆಗೆಸಿದರು. ಬಡಗಿ ಅಳತೆ ತೆಗೆದುಕೊಳ್ಳಲು ಸ್ಟೋರಿಗೆ ಬಂದ. ಕಿವಿಯ ಹಿಂದೆ ಪೆನ್ಸಿಲ್ ಮತ್ತೆ ಬಂದಿತ್ತು.

"ನನ್ನಿಂದ ದೊಡ್ಡ ತಪ್ಪಾಯ್ತು ಕಣೋ," ಎಂದರು ಸ್ಟೋರಪ್ಪನವರು.

"ಕೈ ಎತ್ತಿ ಭಾವ," ಎಂದ ಬಡಗಿ, ಟೇಪು ಹಿಡಿದು. ಇಡೀ ಅಳತೆಯಲ್ಲಿ ಅವನಾಡಿದ್ದು ಅಷ್ಟೇ.

ಕುರ್ಚಿ ಬಂದ ದಿನ ಅದನ್ನು ನೋಡಲು ಹೊಲಿಗೆಯವರು, ಪ್ಯಾಕಿಂಗಿನವರು, ಅಕೌಂಟೆಂಟ್, ಯಜಮಾನರು ಎಲ್ಲರೂ ಸ್ಟೋರಿನ ಬಾಗಿಲಲ್ಲಿ ಸೇರಿದರು. ಸ್ಟೋರಪ್ಪನವರು ಮೈಯೆಲ್ಲ ಹಿಡಿಯಾಗಿ ಅದರಲ್ಲಿ ಕೂತರು. ಎಷ್ಟು ಹಿತವಾದ ಕುರ್ಚಿಯೆಂದರೆ, ಬೆನ್ನಿಗೆ ಎಲ್ಲೆಲ್ಲಿ ಆಸರೆ ಬೇಕೋ ಅಲ್ಲಲ್ಲೇ ಇತ್ತು. ಅಷ್ಟು ಹಿತವಾಗಿ ಮಾಡಬೇಕಾದ ಅಗತ್ಯ ಬಡಗಿಗಿರಲಿಲ್ಲ. ಸ್ಟೋರಪ್ಪನವರಿಗೆ ಕಣ್ಣು ಹನಿಗೂಡಿತು.

ಬಡಗಿ ಎದುರಿಗೆ ಬಂದು ಕೈಕಟ್ಟಿ ನಿಂತ.

"ಅಲ್ಲಾಡುತ್ತಾ ಭಾವ?"

"ಇಲ್ಲಪ್ಪ."

"ಹಿಂದಿನವರಿಗೆ ಕೇಳಿಸಲಿಲ್ಲ. ಸ್ವಲ್ಪ ಗಟ್ಟಿಯಾಗಿ ಹೇಳಿ," ಎಂದ ಬಡಗಿ.